ಪನೋರಮಾ ನೋಡಿ ಬಂದು ಮಗಳಿಗೆ ಬರೆದದ್ದು

ಸೇಂಟ್ ಆಗಸ್ಟೀನ್, ಟ್ರಿನಿಡಾಡ್

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಓದಿದೆ. ಕಾಲೇಜಿನ ವಾದ್ಯವೃಂದದಲ್ಲಿ ನಿನ್ನನ್ನು ಮೂರನೇ ಸಾಲಿಗೆ ಹಾಕಿದ್ದಾರೆ, ಅಷ್ಟೊಂದು ಪಿಟೀಲಿನ ಮಧ್ಯೆ ನಿನ್ನದು ಯಾರಿಗೂ ಕೇಳಿಸೋದಿಲ್ಲ, ಸ್ಪರ್ಧೆಗೆ ಹೋಗೋದೇ ಬೇಡ ಅನ್ನಿಸ್ತಿದೆ ಅಂತ ಬರೆದಿದ್ದೀಯ. ಫೋನಿನಲ್ಲೇ ಸಮಾಧಾನ ಹೇಳಬಹುದಿತ್ತು. ಆದರೆ ಮೊನ್ನೆ ಶನಿವಾರ ನಾನೂ ಅಪ್ಪನೂ ಪನೋರಮಾ ಫೈನಲ್‌ಗೆ ಹೋಗಿದ್ದೆವು. ಅಲ್ಲಿ ಕೂತಷ್ಟು ಹೊತ್ತೂ ನಿನ್ನ ಮಾತೇ ತಲೆಯಲ್ಲಿ. ಅದಕ್ಕೇ ಈ ಉದ್ದನೆಯ ಕಾಗದ.

ಪನೋರಮಾ ಅಂದರೆ ಇಲ್ಲಿನ ಸ್ಟೀಲ್‌ಬ್ಯಾಂಡ್‌ಗಳ ಸ್ಪರ್ಧೆ. ಎಣ್ಣೆ ಡ್ರಮ್ಮಿನಿಂದ ಮಾಡಿದ ಪ್ಯಾನ್ ಅನ್ನೋ ವಾದ್ಯವನ್ನು ಕೋಲಿನಿಂದ ಬಾರಿಸುವ ತಂಡಗಳು ಇವು. 1962ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು, 1963ರಲ್ಲಿ ಇದು ಶುರುವಾಯಿತು. ಕಾರ್ನಿವಲ್‌ನ ಸೋಮವಾರ, ಮಂಗಳವಾರ ಊರಿಡೀ ಬೀದಿಯಲ್ಲಿ ಕುಣಿಯುತ್ತದೆ. ಅದಕ್ಕೆ ಮುಂಚಿನ ಶನಿವಾರ ರಾತ್ರಿ ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಸವಾನಾ ಮೈದಾನದಲ್ಲಿ ದೊಡ್ಡ ಬ್ಯಾಂಡ್‌ಗಳ ಫೈನಲ್. ಒಂದೊಂದು ಬ್ಯಾಂಡಿನಲ್ಲಿ ನೂರು, ನೂರಿಪ್ಪತ್ತು ಜನ. ಎಲ್ಲರೂ ಸೇರಿ ನುಡಿಸುವುದು ಒಂದೇ ಒಂದು ಹಾಡು, ಎಂಟೇ ನಿಮಿಷ. ಅಷ್ಟು ಜನರಲ್ಲಿ ಯಾರ ಪ್ಯಾನೂ ಬೇರೆಯಾಗಿ ಕೇಳಿಸೋದಿಲ್ಲ, ಪುಟ್ಟಿ.

ಫೈನಲ್‌ಗಿಂತ ಮುಂಚೆ ನಾನು ಸುಮಾರು ರಾತ್ರಿ ಮನೆ ಹತ್ತಿರದ ಪ್ಯಾನ್‌ಯಾರ್ಡ್‌ಗೆ, ಅಂದರೆ ಬ್ಯಾಂಡಿನವರು ಅಭ್ಯಾಸ ಮಾಡುವ ಜಾಗಕ್ಕೆ, ಹೋಗಿ ಕೇಳಿದ್ದೆ. ನಿಜ ಹೇಳಬೇಕಂದ್ರೆ ಫೈನಲ್‌ಗಿಂತ ನನಗೆ ಅದೇ ಜಾಸ್ತಿ ಇಷ್ಟ. ತಗಡಿನ ಮಾಡು, ಸುತ್ತ ಬೆಂಚು, ಯಾರು ಬೇಕಾದರೂ ಬಂದು ಕೂತು ಕೇಳಬಹುದು. ಹಗಲು ಬೇರೆ ಬೇರೆ ಕೆಲಸ ಮಾಡುವ ಜನ ಕತ್ತಲಾದ ಮೇಲೆ ಇಲ್ಲಿಗೆ ಬರುತ್ತಾರೆ. ಶಾಲೆ ಯೂನಿಫಾರ್ಮ್‌ನಲ್ಲೇ ಬಂದ ಹುಡುಗಿಯ ಪಕ್ಕ ತಲೆ ನರೆತ ಅಜ್ಜ. ಇಲ್ಲಿ ತುಂಬಾ ಜನ ಸ್ವರಲಿಪಿ ನೋಡಿ ಕಲಿಯೋದಿಲ್ಲ. ಹೇಳಿಕೊಡುವವರು ನಾಲ್ಕು ಮಾತ್ರೆ ಬಾರಿಸಿ ತೋರಿಸುತ್ತಾರೆ, ಇವರು ಕೇಳಿ ಹಾಗೇ ಬಾರಿಸುತ್ತಾರೆ. ಸರಿ ಬರುವ ತನಕ ಅದೇ ನಾಲ್ಕು ಮಾತ್ರೆ, ಮತ್ತೆ ಮತ್ತೆ. ನಿಮ್ಮ ಮೇಷ್ಟ್ರು ವರ್ಣ ಪಾಠ ಮಾಡ್ತಿದ್ದದ್ದು ಹೀಗೇ ಅಲ್ವಾ?

ಅಲ್ಲಿ ಸಿಕ್ಸ್ ಬಾಸ್, ಅಂದರೆ ತಗ್ಗಿನ ಸ್ವರದ ದೊಡ್ಡ ಪ್ಯಾನ್‌ಗಳನ್ನು ನುಡಿಸುವ ಒಬ್ಬ ಹೆಂಗಸನ್ನು ನಾನು ನೋಡುತ್ತಾ ಕೂರುತ್ತಿದ್ದೆ. ಸುತ್ತ ಆರು ಇಡೀ ಡ್ರಮ್, ಮಧ್ಯೆ ಅವಳು. ಒಂದೊಂದು ಡ್ರಮ್ಮಿನಲ್ಲಿ ಮೂರೇ ಸ್ವರ. ಹಾಗಾಗಿ ಸೊಂಟ ತಿರುಗಿಸಿ, ಕೈ ಚಾಚಿ, ಬೆನ್ನ ಹಿಂದಿನ ಡ್ರಮ್ಮನ್ನು ನೋಡದೇ ಹೊಡೆಯಬೇಕು. ಹಾಡಿನ ಧಾಟಿ ಅವಳ ಪಾಲಿಗೆ ಒಂದು ಸಲವೂ ಬರೋದಿಲ್ಲ. ಒಂದು ರಾತ್ರಿ ಹೇಳಿಕೊಡುವವರು ಬಾಸ್‌ನವರನ್ನೆಲ್ಲ ನಿಲ್ಲಿಸಿ, ಉಳಿದವರಿಗೆ ಬಾರಿಸಿ ಅಂದರು. ಧಾಟಿ ಇತ್ತು, ವೇಗ ಇತ್ತು. ಆದರೆ ಬೆಂಚಿನ ಮೇಲೆ ಕಾಲು ಕುಟ್ಟುತ್ತಿದ್ದವರು ನಿಲ್ಲಿಸಿಬಿಟ್ಟರು. ಬಾಸ್ ವಾಪಸ್ ಬಂದಾಗ ನಮ್ಮ ಬೆಂಚು ನಡುಗಿತು. ನನ್ನ ಎದೆಯೊಳಗೂ ಕೇಳಿಸಿತು.

ನಿನಗೆ ಇಷ್ಟವಾಗುವ ಒಂದು ವಿಷಯ ಹೇಳ್ತೀನಿ. ಧಾಟಿ ನುಡಿಸುವ ಟೆನರ್ ಪ್ಯಾನ್ ನೋಡಿದರೆ ಗುಂಡಗಿನ ಬಾಣಲೆ. ಎಣ್ಣೆ ಡ್ರಮ್ಮಿನ ತಳವನ್ನು ಸುತ್ತಿಗೆಯಿಂದ ಬಡಿದು ತಗ್ಗಿಸಿ, ಬೆಂಕಿಯಲ್ಲಿ ಕಾಯಿಸಿ, ಆಮೇಲೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಶ್ರುತಿ ಮಾಡುತ್ತಾರೆ. ಹೊರಸುತ್ತಿನಲ್ಲಿ ಹನ್ನೆರಡು ಸ್ವರ. ಅದರಲ್ಲಿ ಯಾವುದನ್ನಾದರೂ ಷಡ್ಜ ಅಂದುಕೋ. ಅದರ ಒಂದು ಪಕ್ಕಕ್ಕೆ ಪಂಚಮ, ಇನ್ನೊಂದು ಪಕ್ಕಕ್ಕೆ ಶುದ್ಧ ಮಧ್ಯಮ! ಮೇಲಿನ ಸ್ಥಾಯಿಯ ಷಡ್ಜ ಅದಕ್ಕೆ ನೇರವಾಗಿ ಒಳಸುತ್ತಿನಲ್ಲಿ. ಹೊಂದುವ ಸ್ವರಗಳು ಅಕ್ಕಪಕ್ಕ ಇದ್ದರೆ ನಾದ ತುಂಬಿ ಬರುತ್ತದೆ. ಈ ಜೋಡಣೆಗೆ ದಾರಿ ಹಾಕಿದವರು ಆಂಥನಿ ವಿಲಿಯಮ್ಸ್. ಮೊದಲ ಪನೋರಮಾ ಗೆದ್ದದ್ದು ಅವರ ನಾರ್ತ್ ಸ್ಟಾರ್ಸ್ ಬ್ಯಾಂಡೇ.

ಈ ವಾದ್ಯ ಸುಲಭವಾಗಿ ಬಂದದ್ದಲ್ಲ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ಬಾರಿಸುತ್ತಿದ್ದ ಚರ್ಮದ ವಾದ್ಯಗಳಿಗೆ ಬ್ರಿಟಿಷರು 1880ರ ದಶಕದಲ್ಲಿ ತಡೆ ಹಾಕಿದರು. ಆಗ ಬೇರೆ ಬೇರೆ ಅಳತೆಯ ಬಿದಿರನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. 1930ರ ದಶಕದಲ್ಲಿ ಬಿಸ್ಕತ್ ಡಬ್ಬಿ, ಕಸದ ಡಬ್ಬಿ, ಕಾರಿನ ಬ್ರೇಕ್ ಡ್ರಮ್ ಬಂದವು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಎಣ್ಣೆ ಡ್ರಮ್ ಕೈಗೆ ಸಿಕ್ಕಿತು. ಇದನ್ನೆಲ್ಲ ಮಾಡಿದ್ದು ಬಡ ಕೇರಿಗಳ ಹುಡುಗರು. ಪೊಲೀಸರು ಅವರನ್ನು ಅಟ್ಟಾಡಿಸಿದರು, ಬ್ಯಾಂಡ್‌ಗಳ ನಡುವೆ ಹೊಡೆದಾಟಗಳೂ ಆದವು. ಮರ್ಯಾದಸ್ಥರ ಮನೆಯ ಮಕ್ಕಳು ಪ್ಯಾನ್‌ಯಾರ್ಡ್ ಕಡೆ ತಲೆ ಹಾಕುವಂತಿರಲಿಲ್ಲ. ಆ ಪ್ಯಾನ್ 1992ರಲ್ಲಿ ದೇಶದ ರಾಷ್ಟ್ರೀಯ ವಾದ್ಯವಾಯಿತು. 2023ರಲ್ಲಿ ವಿಶ್ವಸಂಸ್ಥೆ ಆಗಸ್ಟ್ 11ನ್ನು ವಿಶ್ವ ಸ್ಟೀಲ್‌ಪ್ಯಾನ್ ದಿನ ಅಂತ ಘೋಷಿಸಿತು. ಬೇಡ ಅನ್ನಿಸಿಕೊಂಡ ಜನರ ಕೈಯಿಂದ ಇಂಥದ್ದು ಬಂತಲ್ಲ ಅಂತ ನೆನೆದರೆ ನನ್ನ ಕಣ್ಣು ತುಂಬುತ್ತದೆ.

ನಮ್ಮ ಕಡೆಯ ಪಾಲೂ ಇದೆ. 1845ರಿಂದ ಭಾರತದಿಂದ ಕೂಲಿಗೆಂದು ಹಡಗಿನಲ್ಲಿ ಬಂದವರ ಮೊಮ್ಮಕ್ಕಳು ಮರಿಮಕ್ಕಳು ಇಲ್ಲಿ ಲಕ್ಷಗಟ್ಟಲೆ ಇದ್ದಾರೆ. ಅವರಲ್ಲೊಬ್ಬರು ಜಿತ್ ಸಮರೂ. ರೆನೆಗೇಡ್ಸ್ ಬ್ಯಾಂಡಿಗೆ ಹಾಡು ಜೋಡಿಸಿಕೊಟ್ಟು ಒಂಬತ್ತು ಸಲ ಪನೋರಮಾ ಗೆಲ್ಲಿಸಿದರು. 1995, 1996, 1997, ಸತತ ಮೂರು ವರ್ಷ! 2016ರಲ್ಲಿ ತೀರಿಕೊಂಡರು. ಅವರು ಜೋಡಿಸಿದ್ದನ್ನು ಹುಡುಕಿ ಕೇಳು. ಹಿಂದಿನ ಸಾಲಿನವರಿಗೂ ಬೆರಳು ಮುರಿಯುವಷ್ಟು ಕೆಲಸ ಕೊಟ್ಟಿದ್ದಾರೆ.

ಇನ್ನು ಫೈನಲ್ ರಾತ್ರಿ. ಸವಾನಾ ಹೊರಗೆ ಡಬಲ್ಸ್ ತಿಂದೆವು. ಎರಡು ಮೆತ್ತನೆ ಕರಿದ ಬಾರಾ, ನಡುವೆ ಕಡಲೆಕಾಳಿನ ಗೊಜ್ಜು. ಖಾರ ಸ್ವಲ್ಪವೇ ಹಾಕಿ ಅಂದರೂ ಅಪ್ಪನ ಕಿವಿ ಕೆಂಪಾಯಿತು. ಒಳಗೆ ಹೋಗುವ ಮುಂಚೆ ಬ್ಯಾಂಡ್‌ಗಳು ಕಾಯುವ ಜಾಗಕ್ಕೆ ಹೋದೆವು. ಪ್ಯಾನ್‌ಗಳೆಲ್ಲ ಗಾಲಿ ಇರುವ ಕಬ್ಬಿಣದ ಚೌಕಟ್ಟಿನ ಮೇಲೆ. ವೇದಿಕೆಯವರೆಗೂ ಅದನ್ನು ಕೈಯಲ್ಲೇ ತಳ್ಳಬೇಕು. ಬ್ಯಾಂಡಿನ ಕೇರಿಯವರು, ಅಭಿಮಾನಿಗಳು, ಚಿಕ್ಕ ಮಕ್ಕಳು, ಎಲ್ಲರೂ ತಳ್ಳುತ್ತಾರೆ. ನಮ್ಮೂರ ತೇರಿಗೆ ಕೈ ಹಾಕುವ ಹಾಗೆ ನಾನೂ ಒಂದು ಕಂಬಿಗೆ ಕೈ ಹಾಕಿದೆ, ಯಾರೂ ಬೇಡ ಅನ್ನಲಿಲ್ಲ.

ವೇದಿಕೆ ಮೇಲೆ ಎಲ್ಲ ನಿಂತ ಮೇಲೆ ಕೋಲು ತಟ್ಟಿ ಎಣಿಕೆ ಕೊಟ್ಟರು. ಮಧ್ಯದಲ್ಲಿ ತಾಳದವರು ಇರುತ್ತಾರೆ, ಅದಕ್ಕೆ ಎಂಜಿನ್ ರೂಮ್ ಅಂತಾರೆ. ಹಳೇ ಬ್ರೇಕ್ ಡ್ರಮ್ಮನ್ನು ಕಬ್ಬಿಣದ ಸರಳಿನಲ್ಲಿ ಬಾರಿಸುವ ಸದ್ದು ಎಷ್ಟು ದೂರದಿಂದಲೂ ಗೊತ್ತಾಗುತ್ತದೆ. ಅದರ ಮೇಲೆ ನೂರು ಜನ ಒಂದೇ ಏಟಿಗೆ ಶುರು ಮಾಡಿದರು. ಕಾಲ್ಕೆಳಗಿನ ಹಲಗೆ ಅದುರಿತು. ಹಾಡನ್ನು ಬಿಡಿಸಿದರು, ಸ್ವರ ಬದಲಿಸಿ ದುಃಖದ ದಾರಿಗೆ ತಂದರು, ಮತ್ತೆ ಎತ್ತಿದರು. ನಾನು ಹಿಂದಿನ ಸಾಲಿನ ಒಬ್ಬ ಹುಡುಗನನ್ನೇ ನೋಡುತ್ತಿದ್ದೆ. ಕ್ಯಾಮೆರಾ ಅವನ ಕಡೆ ಬರಲೇ ಇಲ್ಲ. ಅವನು ಕೊನೆವರೆಗೂ ಕುಣಿಯುತ್ತಾ, ನಗುತ್ತಾ, ಜೋರಾಗಿ ಹಾಡಿಕೊಳ್ಳುತ್ತಾ ಬಾರಿಸಿದ.

ಯಾರು ಗೆದ್ದರು ಅಂತ ಅಪ್ಪ ಫೋನಿನಲ್ಲಿ ಹೇಳ್ತಾರೆ, ಅಂಕದ ಸಮೇತ.

ನೀನು ಸ್ಪರ್ಧೆಗೆ ಹೋಗು ಪುಟ್ಟಿ. ಮೊದಲ ಸಾಲು ಕೊಡಿ ಅಂತ ಮೇಷ್ಟ್ರನ್ನು ಕೇಳಬೇಡ. ಅದರ ಬದಲು ಒಂದು ಸಲ ಅಭ್ಯಾಸದಲ್ಲಿ ಮೂರನೇ ಸಾಲಿನವರನ್ನು ನಿಲ್ಲಿಸಿ ಉಳಿದವರಿಂದ ನುಡಿಸೋಕೆ ಹೇಳಿ ಅಂತ ಕೇಳು. ಏನು ಕಡಿಮೆ ಆಯಿತು ಅಂತ ಕಿವಿಗೊಟ್ಟು ಕೇಳಿ ನನಗೆ ಬರೆ. ಮುಂದಿನ ಕಾರ್ನಿವಲ್ ಹೊತ್ತಿಗೆ ನಿನ್ನ ಪರೀಕ್ಷೆ ಇಲ್ಲದಿದ್ದರೆ ಇಲ್ಲಿಗೆ ಬಾ. ಪ್ಯಾನ್‌ಯಾರ್ಡ್‌ನಲ್ಲಿ ಕಲಿಯೋರಿಗೆ ಜಾಗ ಇದ್ದೇ ಇದೆ, ನಾನು ಆಗಲೇ ವಿಚಾರಿಸಿದ್ದೀನಿ. ಅಜ್ಜಿಗೆ ನಮಸ್ಕಾರ ಹೇಳು, ಅವರ ಬಿಪಿ ಮಾತ್ರೆ ಮುಗಿಯುವ ಮುಂಚೆಯೇ ತಂದಿಡು.

ನಿನ್ನ
ಅಮ್ಮ