ಮಗಳನ್ನು ಕಳಿಸು, ರವಿ

ಪ್ರೀತಿಯ ರವಿ,

ಮೊನ್ನೆ ನೀನು ಫೋನ್ ಮಾಡಿದಾಗ ಅಪ್ಪನಿಗೆ ಊಟ ಮಾಡಿಸುತ್ತಿದ್ದೆ, ಸರಿಯಾಗಿ ಮಾತಾಡಲಾಗಲಿಲ್ಲ. ಮಗಳು, ಅಳಿಯ ಇಬ್ಬರೂ ಒಂದೇ ಲ್ಯಾಬಿನಲ್ಲಿ ಮಿದುಳಿನ ಕಾಯಿಲೆಗಳ ಸಂಶೋಧನೆಗೆ ಸೇರುತ್ತಾರಂತೆ, ಹಗಲೂ ರಾತ್ರಿ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರೆ ಸಂಸಾರ ನಡೆಯುತ್ತೇನೋ ಅಂದೆಯಲ್ಲ.

ಅಪ್ಪನಿಗೆ ಪಾರ್ಕಿನ್ಸನ್ ಅಂತ ಗೊತ್ತಾದ ಮೇಲೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಹಾಗೆ ಪರಿಚಯವಾದವರು ವರ್ಜೀನಿಯಾ ಲೀ, ಜಾನ್ ಟ್ರೋಜನೋವ್ಸ್ಕಿ ದಂಪತಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು. ಆಕೆ ಚೀನಾದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಪಿಯಾನೋ ಕಲಿತು, ಆಮೇಲೆ ಜೀವರಸಾಯನಶಾಸ್ತ್ರಕ್ಕೆ ಬಂದವರು. ಆತ ಪೆಥಾಲಜಿಸ್ಟ್. ತೀರಿಹೋದ ರೋಗಿಗಳ ಮನೆಯವರು ದಾನ ಕೊಟ್ಟ ಮಿದುಳುಗಳೇ ಅವರ ಕೆಲಸಕ್ಕೆ ಆಧಾರ. ಸೂಕ್ಷ್ಮದರ್ಶಕದಲ್ಲಿ ರೋಗದ ಗುರುತು ಹುಡುಕುವುದು ಆತನ ವಿದ್ಯೆ, ಅದು ಯಾವ ಪ್ರೊಟೀನು ಅಂತ ಬಿಡಿಸಿ ನೋಡುವುದು ಆಕೆಯದು. ಅಲ್ಜೈಮರ್ ರೋಗಿಗಳ ನರಕೋಶದೊಳಗೆ ಗಂಟುಗಳು ಕಾಣುತ್ತವೆ. ಚಪ್ಪರದ ಗಳುಗಳನ್ನು ಬಿಗಿದ ಹಗ್ಗವೇ ಕಳಚಿ ಸಿಕ್ಕುಸಿಕ್ಕಾದ ಹಾಗೆ. ಆ ಹಗ್ಗ ಟೌ ಎಂಬ ಪ್ರೊಟೀನು ಅಂತ 1991ರಲ್ಲಿ ಅವರ ಗುಂಪು ಖಚಿತಪಡಿಸಿತು. ಅಪ್ಪನ ಕಾಯಿಲೆಯಲ್ಲಿ ಕೋಶದೊಳಗೆ ಗಡ್ಡೆಗಟ್ಟುವುದು ಆಲ್ಫಾ ಸೈನುಕ್ಲೀನ್ ಎಂಬ ಪ್ರೊಟೀನು. ಅದು 1997ರಲ್ಲಿ ಗೊತ್ತಾಯಿತು, ಕೇಂಬ್ರಿಜ್‌ನವರ ಜೊತೆ ಇವರಿಬ್ಬರೂ ಆ ಕೆಲಸದಲ್ಲಿದ್ದರು. ಎಎಲ್‌ಎಸ್ ಅಂತ ಇನ್ನೊಂದು ಕಾಯಿಲೆ, ಕೈಕಾಲಿನ ಶಕ್ತಿಯೇ ಕುಂದಿಹೋಗುತ್ತದೆ; ಅದರಲ್ಲಿ ಗಡ್ಡೆಗಟ್ಟುವ ಪ್ರೊಟೀನು ಟಿಡಿಪಿ-43 ಅಂತ 2006ರಲ್ಲಿ ಅವರ ಗುಂಪೇ ಕಂಡುಹಿಡಿಯಿತು.

ನಮ್ಮ ಮನೆಯದ್ದೇ ಹೇಳುತ್ತೇನೆ ಕೇಳು. ಪೆನ್ಷನ್ ಕಾಗದದಲ್ಲಿ ಅಪ್ಪನ ರುಜು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿರುವುದನ್ನು ಕಂಡವಳು ನನ್ನವಳು, ಸುಮಾ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವಾಗ ಅವರ ಎಡಗೈ ಬೀಸುತ್ತಿಲ್ಲ ಅಂತ ನೋಡಿದವನು ನಾನು. ತಿಂಗಳುಗಟ್ಟಲೆ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಒಂದು ರಾತ್ರಿ ಎರಡನ್ನೂ ಜೊತೆಗಿಟ್ಟು ನೋಡಿದಾಗ ಎದೆ ಧಸಕ್ಕೆಂದಿತು, ಮಾರನೇ ದಿನವೇ ಡಾಕ್ಟರ ಹತ್ತಿರ ಓಡಿದೆವು. ಮೊದಲೇ ಮಾತಾಡಿಕೊಂಡಿದ್ದರೆ ಅಂತ ಇವತ್ತಿಗೂ ಕೊರಗುತ್ತೇನೆ.

ಲೆವೊಡೋಪಾ ಮಾತ್ರೆ ನುಂಗಿದ ಮೇಲೆ ಅಪ್ಪ ಎದ್ದು ಓಡಾಡುತ್ತಾರೆ. ರೋಗ ಮಾತ್ರ ತನ್ನ ಪಾಡಿಗೆ ಮುಂದುವರಿಯುತ್ತದೆ. ಅದನ್ನು ತಡೆಯುವ ಔಷಧಿ ಇನ್ನೂ ಇಲ್ಲ ಕಣೋ. ನಿನ್ನ ಮಗಳು ಆ ದಾರಿಗೆ ಹೋಗುತ್ತೇನೆ ಅಂದರೆ ನಾನು ಹೇಗೆ ಬೇಡ ಅನ್ನಲಿ? ಜಾನ್ 2022ರಲ್ಲಿ ತೀರಿಕೊಂಡರು. ಆಕೆ ಅದೇ ಕೆಲಸ ಮುಂದುವರಿಸಿದರು.

ಭಾನುವಾರ ಮಂಡ್ಯದಿಂದ ಮಕ್ಕಳಿಬ್ಬರನ್ನೂ ಕರೆದುಕೊಂಡು ಬಾ. ಹತ್ತು ಗಂಟೆಗೆ ಬಂದರೆ ಒಳ್ಳೆಯದು, ಆ ಹೊತ್ತಿಗೆ ಮಾತ್ರೆ ಹಿಡಿದಿರುತ್ತದೆ, ಅಪ್ಪ ಚೆನ್ನಾಗಿ ಮಾತಾಡುತ್ತಾರೆ.

ನಿನ್ನ,
ಶಿವು