ಕೆಳಗಿನ ಕೆರೆ ತಡೆಯುತ್ತಾ ಅಮ್ಮ?

ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ದನಿ ಏರಿಸಿದ್ದು ಕೋಪಕ್ಕಲ್ಲ, ಗಾಬರಿಗೆ. ಪ್ರೋಗ್ರಾಮಿಂಗ್ ಪೇಪರ್ ಹೋದದ್ದು ಹೋಗಲಿ. ಆದರೆ 'ಸಿವಿಲ್ ಓದೋರಿಗೆ ಕ್ಲಾಸು, ಆಬ್ಜೆಕ್ಟು ಎಲ್ಲಾ ಯಾಕಮ್ಮಾ' ಅಂದೆಯಲ್ಲ, ಅದು ಮನಸ್ಸಿನಲ್ಲೇ ಉಳಿಯಿತು.

2021ರ ನವೆಂಬರ್ ಮಳೆಗೆ ನಮ್ಮೂರ ಕೆರೆ ಕೋಡಿ ಹರಿಯಿತಲ್ಲ. ಊರಿಗೆ ಊರೇ ಪೂಜೆ, ಫೋಟೋ ಅಂತ ಓಡಾಡುತ್ತಿತ್ತು. ನೀನೊಬ್ಬಳೇ 'ಈ ನೀರು ಕೆಳಗಿನ ಕೆರೆಗೆ ಹೋದರೆ ಅದರ ಏರಿ ತಡೆಯುತ್ತಾ ಅಮ್ಮ?' ಅಂತ ಕೇಳಿದೆ. ಅಲ್ಲಿದ್ದ ದೊಡ್ಡವರು ಯಾರಿಗೂ ಅದು ಹೊಳೆದಿರಲಿಲ್ಲ. ಎಷ್ಟು ಹೆಮ್ಮೆಯಾಯಿತು ಗೊತ್ತಾ? ಹಾಗೇ ಭಯವೂ ಆಯಿತು. ಕೆಳಗಿನ ಊರು ನನ್ನ ತವರು. ಆ ಸಂಜೆ ಅಜ್ಜಿ ಫೋನ್ ತೆಗೆಯದಿದ್ದಾಗ ಕೈಕಾಲು ತಣ್ಣಗಾಗಿದ್ದವು.

ನಿನ್ನ ಆ ಪ್ರಶ್ನೆಯನ್ನೇ ಪ್ರೋಗ್ರಾಂ ಮಾಡು. ನಮ್ಮ ಕೋಲಾರದ ಕೆರೆಗಳು ಒಂದು ತುಂಬಿ ಇನ್ನೊಂದಕ್ಕೆ ಹರಿಯುವಂಥವು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದಾಗಲೂ ಹಾಗೇ ಕೆರೆಯಿಂದ ಕೆರೆಗೆ ಹೋಯಿತು. 'ಕೆರೆ' ಅಂತ ಒಂದೇ ಕ್ಲಾಸ್ ಬರಿ, ಎಲ್ಲಾ ಕೆರೆಗೂ ಒಂದೇ ಅಚ್ಚು ಇದ್ದ ಹಾಗೆ. ಈಗ ಎಷ್ಟು ನೀರಿದೆ, ಕೋಡಿ ಮಟ್ಟದವರೆಗೆ ಎಷ್ಟು ಹಿಡಿಯುತ್ತದೆ, ಕೆಳಗಿನ ಕೆರೆ ಯಾವುದು, ಇಷ್ಟು ಅದರೊಳಗಿರಲಿ. 'ನೀರು ತಗೋ' ಅಂತ ಒಂದು ಮೆಥಡ್, ಅಂದರೆ ಕೆರೆ ಮಾಡಬೇಕಾದ ಒಂದು ಕೆಲಸ. ಹಿಡಿಯಲಾರದಷ್ಟು ಬಂದರೆ ಆ ಮೆಥಡ್ಡೇ ಜಾಸ್ತಿಯಾದದ್ದನ್ನು ಕೆಳಗೆ ದಾಟಿಸಲಿ. ಆಮೇಲೆ ಒಂದೊಂದು ಊರಿನ ಕೆರೆಯೂ ಆ ಅಚ್ಚಿನಿಂದ ಬಂದ ಒಂದೊಂದು ಆಬ್ಜೆಕ್ಟ್. ಎರಡು ಕೆರೆಗೂ ಅದೇ ಕೋಡ್, ನೂರಕ್ಕೂ ಅದೇ. ಮೇಲಿನ ಕೆರೆ ಕೆಳಗಿನದರ ಲೆಕ್ಕವನ್ನು ತಾನೇ ತಿದ್ದಬಾರದು, ಮೆಥಡ್ ಮೂಲಕವೇ ಕೊಡಬೇಕು. ಎನ್‌ಕ್ಯಾಪ್ಸುಲೇಶನ್ ಅಂತ ನೀನು ಸುಮ್ನೆ ಬಾಯಿಪಾಠ ಮಾಡಿದ್ದು ಇದನ್ನೇ. ಅದಿಲ್ಲದಿದ್ದರೆ ನೀರು ಎಲ್ಲಿ ತಪ್ಪಿತು ಅಂತ ರಾತ್ರಿಯಿಡೀ ಹುಡುಕಬೇಕಾಗುತ್ತದೆ.

ಇದು ಸಾಫ್ಟ್‌ವೇರ್ ಕಂಪನಿಯವರಿಗಷ್ಟೇ ಅಂದುಕೊಳ್ಳಬೇಡ. ನಾರ್ವೆಯ ಡಾಲ್ ಮತ್ತು ನೈಗಾರ್ಡ್ 1960ರ ದಶಕದಲ್ಲಿ ಸಿಮ್ಯುಲಾ ಭಾಷೆ ಕಟ್ಟಿದ್ದೇ ಹೊರಗಿನ ವ್ಯವಸ್ಥೆಗಳನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಲು. ಕ್ಲಾಸು, ಆಬ್ಜೆಕ್ಟು ಬಂದದ್ದು ಅವರ ಸಿಮ್ಯುಲಾ 67ರಿಂದ. ಪಾಲಿಟೆಕ್ನಿಕ್ಕಿನಲ್ಲಿ ನನ್ನ ಹುಡುಗರಿಗೂ ಇದನ್ನೇ ಹೇಳುತ್ತೇನೆ.

ಮತ್ತೆ ಮತ್ತೆ ಆ ಸಂಜೆಯೇ ನೆನಪಾಗುತ್ತದೆ. ಇಷ್ಟು ಮಳೆ ಬಂದರೆ ಇಷ್ಟು ಹೊತ್ತಿಗೆ ನೀರು ಕೆಳಗಿನ ಊರು ಮುಟ್ಟುತ್ತದೆ ಅಂತ ಆವತ್ತು ಹೇಳುವವರು ಯಾರೂ ಇರಲಿಲ್ಲ. ಅದನ್ನು ಹೇಳುವ ಎಂಜಿನಿಯರ್ ನೀನಾಗಬೇಕು ಅಂತ ನನ್ನ ಆಸೆ. ಒತ್ತಾಯ ಅನ್ನಿಸಿದರೆ ಹೇಳಿಬಿಡು, ಬೇಜಾರು ಮಾಡಿಕೊಳ್ಳಲ್ಲ.

ಊಟ ಬಿಡಬೇಡ. ಮರುಪರೀಕ್ಷೆಯ ಫೀಸು ನಾಳೆ ಕಟ್ಟುತ್ತೇನೆ. ಮೊದಲು ಎರಡೇ ಕೆರೆ ಇಟ್ಟುಕೊಂಡು ಪೈಥಾನಿನಲ್ಲಿ ಬರಿ. ಕೆಳಗಿನದು ಅಜ್ಜಿ ಊರಿನದಾಗಲಿ, ಅಳತೆ ನಾನು ಕಳಿಸುತ್ತೇನೆ. ಎರರ್ ಬಂದರೆ ಸ್ಕ್ರೀನ್‌ಶಾಟ್ ಹಾಕು, ಎಷ್ಟು ಹೊತ್ತಾದರೂ ಸರಿ.

ಅಮ್ಮ