ಗೆಳೆಯನಿಗೊಂದು ಪತ್ರ: ಕಿವಿಗೆ ಜ, ಪುಟ ಮಾತ್ರ ಝಡ್

ಬದಿಯಡ್ಕ, ಕಾಸರಗೋಡು

ಪ್ರೀತಿಯ ಗೆಳೆಯಾ,

ನಿನ್ನ ಪೆನ್‌ಡ್ರೈವ್ ತಲುಪಿತು. ನಾನೂರು ಇಂಗ್ಲಿಷ್ ಹಾಡು ಉಂಟು, ಬೇಕೆಂದಾಗ ಒಂದೂ ಸಿಗುವ ಹಾಗಿಲ್ಲ. ಎ-ಬಿ-ಸಿ ಹಿಡಿದು ಒಂದೊಂದೇ ಅಕ್ಷರದ ಹಾಡು ಹುಡುಕಿ ಕೇಳುವ ನಿನ್ನ ಯೋಚನೆ ನನಗೆ ಹಿಡಿಸಿತು. ಅದಕ್ಕೆ ಅಕ್ಷರಕ್ಕೆ ಇಷ್ಟು ಪುಟ ಎಂದು ಹಂಚಿ ಹಾಡಿನ ಹೆಸರು ಬರೆದಿಡುವ ಒಂದು ನೋಟ್‌ಪುಸ್ತಕ ಬೇಕು. ಆ್ಯಪ್‌ಗೆ ಬಿಟ್ಟರೆ ನಿನ್ನೆ ಕೇಳಿದ ಹಾಡಿನ ಅಣ್ಣತಮ್ಮಂದಿರನ್ನೇ ಇವತ್ತೂ ಕರೆತರುತ್ತದೆ. ಅಕ್ಷರಕ್ಕೆ ಆ ದಾಕ್ಷಿಣ್ಯ ಇಲ್ಲ. ಜೆ ಪುಟದಲ್ಲಿ ಡಾಲಿ ಪಾರ್ಟನ್ ಅವರ ‘ಜೋಲೀನ್’ (1973) ಮುಗಿದ ಬೆನ್ನಿಗೇ ವ್ಯಾನ್ ಹೇಲನ್ ತಂಡದ ‘ಜಂಪ್’ ಗುಡುಗುತ್ತದೆ.

ಆದರೆ ಶುರುವಿನಲ್ಲೇ ಒಂದು ಅಭ್ಯಾಸ ಬಿಡಬೇಕು. ನಮ್ಮಲ್ಲಿ ಹೆಚ್ಚಿನ ಹಾಡಿಗೆ ಬೇರೆ ಹೆಸರೆಂಬುದಿಲ್ಲ, ಮೊದಲ ಸಾಲೇ ಹೆಸರು. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಬೇಕಾದರೆ ದಾಸರ ಪದಗಳ ಪುಸ್ತಕದ ಅಕಾರಾದಿಯಲ್ಲಿ ಭಕಾರ ನೋಡಿದರಾಯಿತು. ಯಕ್ಷಗಾನದ ಭಾಗವತರೂ ಪ್ರಸಂಗದ ಪದ್ಯವನ್ನು ಎತ್ತುಗಡೆಯ ಮಾತಿನಿಂದಲೇ ಗುರುತಿಸುವುದು. ಇಂಗ್ಲಿಷಿನ ಹಾಡಿಗೆ ಹೆಸರು ಸಾಮಾನ್ಯವಾಗಿ ಮತ್ತೆ ಮತ್ತೆ ಬರುವ ಸಾಲಿನಿಂದ ಬರುತ್ತದೆ, ಕೆಲವಕ್ಕೆ ಹಾಡಿನೊಳಗೆ ಎಲ್ಲೂ ಇಲ್ಲದ ಹೆಸರು. ಡಾನ್ ಮೆಕ್‌ಲೀನ್ ಅವರ ‘ಸ್ಟಾರಿ ಸ್ಟಾರಿ ನೈಟ್’ ಎಂದು ಊರಿಗೆಲ್ಲ ಗೊತ್ತಿರುವ ಹಾಡಿನ ನಿಜವಾದ ಹೆಸರು ‘ವಿನ್ಸೆಂಟ್’. ಚಿತ್ರಕಾರ ವ್ಯಾನ್ ಗಾಗ್ ಮೇಲೆ ಬರೆದದ್ದು. ಎಸ್‌ನಲ್ಲಿ ಎಷ್ಟು ತಡಕಿದರೂ ಸಿಗದು, ವಿ ನೋಡಬೇಕು. ದ ಹೂ ತಂಡದ ‘ಬಾಬಾ ಓರೈಲಿ’ (1971) ಇನ್ನೂ ಮೋಸ. ಆ ಎರಡು ಶಬ್ದ ಹಾಡಿನಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಜನ ಟಿ ಪುಟದಲ್ಲಿ ‘ಟೀನೇಜ್ ವೇಸ್ಟ್‌ಲ್ಯಾಂಡ್’ ಎಂದು ಹುಡುಕುತ್ತಾರೆ. ‘ಅನ್‌ಚೈನ್ಡ್ ಮೆಲಡಿ’ಯದ್ದೂ ಅದೇ ಕಥೆ: 1955ರ ‘ಅನ್‌ಚೈನ್ಡ್’ ಎಂಬ ಸಿನಿಮಾದ ಹಾಡಾದ್ದರಿಂದ ಆ ಹೆಸರು ಅಂಟಿಕೊಂಡಿತು.

ಎರಡನೆಯ ತೊಡಕು ನಮ್ಮ ಕಿವಿಯದ್ದು. ಕನ್ನಡದಲ್ಲಿ ಕಲಿತವನ ಕಿವಿ ಉಚ್ಚಾರಕ್ಕೆ ಒಗ್ಗಿದೆ, ಇಂಗ್ಲಿಷಿನ ಪಟ್ಟಿ ನಡೆಯುವುದು ಕಾಗುಣಿತದ ಮೇಲೆ. ಕ ಎಂದು ಕೇಳಿದರೆ ಸಿ, ಕೆ, ಕ್ಯೂ ಮೂರೂ ಪುಟ ತೆರೆ: ‘ಕ್ರೇಜಿ’ ಸಿಯಲ್ಲಿ, ‘ಕರ್ಮ ಕಮೀಲಿಯನ್’ ಕೆಯಲ್ಲಿ, ಡೋರಿಸ್ ಡೇ ಹಾಡಿದ ‘ಕೆ ಸೆರಾ ಸೆರಾ’ (1956) ಕ್ಯೂನಲ್ಲಿ. ಸ ಎಂದು ಕೇಳಿದ್ದು ಎಸ್ ಆಗಿರಬಹುದು, ‘ಸಿಸಿಲಿಯಾ’ದಂತೆ ಸಿಯೂ ಆಗಿರಬಹುದು, ‘ಸೈಕೋ ಕಿಲ್ಲರ್’ನಂತೆ ಪಿಯೂ ಆಗಿರಬಹುದು. ‘ಫಿಸಿಕಲ್’ ಕೂಡ ಪಿ. ‘ನಾಕಿಂಗ್ ಆನ್ ಹೆವನ್ಸ್ ಡೋರ್’ಗೆ ಕೆ, ಏಕೆಂದರೆ ಅಲ್ಲಿ ಬಾಯಿಗೆ ಬಾರದ ಕೆ ಕೂತಿದೆ. ಆ ಪಾಠ ಕಲಿತವನು ‘ನೈಟ್ಸ್ ಇನ್ ವೈಟ್ ಸ್ಯಾಟಿನ್’ (1967) ಹಾಡನ್ನೂ ಕೆಯಲ್ಲಿ ಹಾಕಿ ಕೂರುತ್ತಾನೆ. ಅದು ಕುದುರೆ ಏರಿದ ವೀರರ ನೈಟ್ ಅಲ್ಲ ಮಾರಾಯ, ರಾತ್ರಿಯ ನೈಟ್. ಬರೆದ ಜಸ್ಟಿನ್ ಹೇವರ್ಡ್‌ಗೆ ಯಾರೋ ಉಡುಗೊರೆ ಕೊಟ್ಟ ಸ್ಯಾಟಿನ್ ಹಾಸುಬಟ್ಟೆಯಿಂದ ಹುಟ್ಟಿದ ಹೆಸರು. ಎನ್ ಪುಟಕ್ಕೇ ಹೋಗಬೇಕು.

ನಮ್ಮ ಕಡೆ ಇದರ ಮೇಲೆ ಇನ್ನೊಂದು ಗಂಟು. ಕ್ರ್ಯಾನ್‌ಬೆರೀಸ್ ತಂಡದ ‘ಝಾಂಬಿ’ (1994) ನಮ್ಮ ಬಾಯಲ್ಲಿ ‘ಜೋಂಬಿ’, ಮಲಯಾಳದಲ್ಲಿ ಬರೆಯುವುದು ‘ಸೋಂಬಿ’ ಎಂದು. ನಿನ್ನ ಪೆನ್‌ಡ್ರೈವಿನಲ್ಲಿ ಅದು ಮೂರು ಲಿಪಿಯಲ್ಲಿ ಮೂರು ಸಲ ಉಂಟು! ಎರಡನ್ನು ಅಳಿಸಿ, ಉಳಿದದ್ದಕ್ಕೆ ಇಂಗ್ಲಿಷ್ ಕಾಗುಣಿತ ಕೊಟ್ಟು ಝಡ್ ಪುಟಕ್ಕೆ ಹಾಕು.

ಈಗ ಪುಸ್ತಕದ ಲೆಕ್ಕ. 200 ಪುಟದ ನೋಟ್‌ಪುಸ್ತಕ ಸಾಕು. 26 ಅಕ್ಷರಕ್ಕೆ ಸಮಪಾಲು ಮಾಡಬೇಡ. ಎಕ್ಸ್ ಖಾಲಿ ಬಿದ್ದಿರುತ್ತದೆ, ಎಸ್ ತುಂಬಿ ತುಳುಕುತ್ತದೆ. ಎಸ್, ಬಿ, ಎಲ್, ಐ ಇವಕ್ಕೆ ತಲಾ 14 ಪುಟ (‘ನಾನು’ ಎಂದು ಶುರುವಾಗುವ ಹಾಡಿಗೆ ಅವರಲ್ಲಿ ಬರವಿಲ್ಲ, ಆದ್ದರಿಂದ ಐ). ಕ್ಯೂ, ಎಕ್ಸ್, ಝಡ್‌ಗೆ ತಲಾ 2. ಉಳಿದ 19 ಅಕ್ಷರಕ್ಕೆ ತಲಾ 7. ಕೊನೆಗೆ ಉಳಿಯುವ 5 ಪುಟ ಹೆಸರೇ ಗೊತ್ತಾಗದ ಹಾಡಿಗೆ: ಕೇಳಿಸಿದ ನಾಲ್ಕು ಶಬ್ದವನ್ನು ಕನ್ನಡದಲ್ಲೇ ಗೀಚಿಡು, ಹೆಸರು ಸಿಕ್ಕಿದಾಗ ಅದರ ಪುಟಕ್ಕೆ ಸಾಗಿಸು.

ಹೆಸರಿನ ತಲೆಗೆ ಅಂಟಿದ ‘ದ’, ‘ಎ’, ‘ಆ್ಯನ್’ ಮೂರನ್ನೂ ಲೆಕ್ಕಕ್ಕೆ ಹಿಡಿಯಬಾರದು. ಇಲ್ಲದಿದ್ದರೆ ಟಿ ಪುಟ ‘ದ’ಗಳಿಂದಲೇ ತುಂಬಿ ಹೋದೀತು. ಬೀಟಲ್ಸ್‌ನ ‘ಎ ಡೇ ಇನ್ ದ ಲೈಫ್’ (1967) ಡಿಗೆ ಹೋಗಲಿ. ಜಾಕ್ಸನ್ 5 ತಂಡದ ‘ಎಬಿಸಿ’ (1970) ಮಾತ್ರ ಎಯಲ್ಲೇ ಇರಲಿ, ಅಲ್ಲಿನ ಎ ಅಕ್ಷರವೇ ಹೊರತು ಬಾಲಂಗೋಚಿ ಅಲ್ಲ. ಅಂಕಿಯಿಂದ ಶುರುವಾಗುವುದನ್ನು ಬಾಯಲ್ಲಿ ಹೇಳಿದ ಹಾಗೆ ಬರೆ. ಪ್ರಿನ್ಸ್‌ನ ‘1999’ (1982) ಎನ್‌ಗೆ. ನೇನಾ ತಂಡದ ಜರ್ಮನ್ ಹಾಡು ‘99 ಲುಫ್ಟ್‌ಬಲೋನ್ಸ್’ (1983) ಕೂಡ ಎನ್‌ಗೆ; ತೊಂಬತ್ತೊಂಬತ್ತು ಜರ್ಮನಿನಲ್ಲೂ ಎನ್‌ನಿಂದಲೇ ಶುರು, ಬಚಾವ್. ರೋಲಿಂಗ್ ಸ್ಟೋನ್ಸ್‌ನ ‘ಸ್ಯಾಟಿಸ್‌ಫ್ಯಾಕ್ಷನ್’ (1965) ಹೆಸರಿನ ಮುಂದೆ ಕಂಸದಲ್ಲಿ ‘ಐ’ಯಿಂದ ಹೊರಡುವ ನಾಲ್ಕು ಶಬ್ದ ಉಂಟು. ಐಯಲ್ಲಿ ಬರೆದು ಎಸ್‌ನಲ್ಲಿ ‘ಐ ನೋಡು’ ಎಂದು ಒಂದು ಸಾಲು ಹಾಕು. ಈ ‘ನೋಡು’ ಸಾಲುಗಳೇ ಪುಸ್ತಕದ ಜೀವ, ಜಿಪುಣತನ ಬೇಡ.

ಹೆಸರೊಂದನ್ನೇ ಬರೆದರೆ ಸಾಲದು. ಹಾಡಿದವರು, ವರ್ಷ, ಎಷ್ಟು ನಿಮಿಷ, ಮೂರೂ ಬೇಕು. ‘ದ ಪವರ್ ಆಫ್ ಲವ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಹಾಡು 1984-85ರಲ್ಲೇ ಬಂದವು: ಜೆನಿಫರ್ ರಶ್, ಫ್ರ್ಯಾಂಕಿ ಗೋಸ್ ಟು ಹಾಲಿವುಡ್, ಹ್ಯೂಯಿ ಲೂಯಿಸ್. ಇದರ ತಿರುಗಾಮುರುಗಾ ‘ಹರ್ಟ್’: ಹಾಡು ಒಂದೇ, 1994ರಲ್ಲಿ ನೈನ್ ಇಂಚ್ ನೇಲ್ಸ್, 2002ರಲ್ಲಿ ಜಾನಿ ಕ್ಯಾಶ್. ಎರಡನ್ನೂ ಬೆನ್ನುಬೆನ್ನಿಗೆ ಕೇಳು. ನಿಮಿಷದ ಲೆಕ್ಕ ಕತ್ತರಿಸಿದ ಫೈಲನ್ನು ಹಿಡಿದುಕೊಡುತ್ತದೆ. ‘ಬೊಹೀಮಿಯನ್ ರ್‍ಯಾಪ್ಸಡಿ’ 5:55, ‘ಹೋಟೆಲ್ ಕ್ಯಾಲಿಫೋರ್ನಿಯಾ’ 6:30. ನಿನ್ನಲ್ಲಿರುವ ಎರಡನೆಯದು ನಾಲ್ಕು ನಿಮಿಷಕ್ಕೇ ನಿಲ್ಲುತ್ತದೆ, ಕೊನೆಯ ಗಿಟಾರ್ ಜುಗಲ್‌ಬಂದಿಯೇ ನಾಪತ್ತೆ. ಆ ಹಾಡಿನಲ್ಲಿ ಕಾಯಬೇಕಾದದ್ದೇ ಅದಕ್ಕೆ.

ಹೊಸ ಹಾಡು ಹುಡುಕಲು ಆ್ಯಪಿನಲ್ಲಿ ಬರೇ ಒಂದಕ್ಷರ ಒತ್ತಿ ಪ್ರಯೋಜನ ಇಲ್ಲ, ಈಗ ಓಡುತ್ತಿರುವ ಗಾಯಕರೇ ಸಾಲುಗಟ್ಟುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಪ್ರತಿ ವರ್ಷದ ಹಾಡುಗಳಿಗೂ ಒಂದೊಂದು ವರ್ಗ ಉಂಟು, ಪುಟಕ್ಕೆ 200ರಂತೆ, ಅಕ್ಷರಕ್ರಮದಲ್ಲಿ. 1965 ತೆರೆದು ನಿನ್ನ ಅಕ್ಷರಕ್ಕೆ ಇಳಿ. ಅಕ್ಷರಕ್ಕೆ ಮೂರು ಹಾಡು ಸಾಕು: 1970ಕ್ಕೆ ಹಿಂದಿನದೊಂದು, 1990ರ ವರೆಗಿನದೊಂದು, ಆಮೇಲಿನದೊಂದು.

ಪೆನ್‌ಡ್ರೈವಿನ ಕೆಲಸ ಕೊನೆಗೆ. ಫೈಲಿನ ಹೆಸರಿನ ಮುಂದಿರುವ ‘01’, ‘02’ ಅಳಿಸು. ಇಲ್ಲವಾದರೆ ಎಲ್ಲವೂ ಎಗಿಂತ ಮೇಲೆ ಅಂಕಿಗಳ ಸಾಲಿನಲ್ಲಿ ನಿಲ್ಲುತ್ತವೆ. ಮೊಬೈಲ್ ತೋರಿಸುವುದು ಸಾಮಾನ್ಯವಾಗಿ ಫೈಲಿನ ಹೆಸರಲ್ಲ, ಫೈಲಿನೊಳಗೇ ಬರೆದಿಟ್ಟ ವಿವರದ, ಅಂದರೆ ಟ್ಯಾಗಿನ ಹೆಸರು, ಎಂಪಿ3ಟ್ಯಾಗ್ ಎಂಬ ತಂತ್ರಾಂಶದಿಂದ ಅದನ್ನೂ ತಿದ್ದು. ಕಾರಿನ ಸ್ಟೀರಿಯೋಗಳಲ್ಲಿ ಹಲವು ಅಕ್ಷರ ನೋಡುವುದೇ ಇಲ್ಲ, ಕಾಪಿ ಮಾಡಿದ ಕ್ರಮದಲ್ಲೇ ನುಡಿಸುತ್ತವೆ. ಆದ್ದರಿಂದ ಪೆನ್‌ಡ್ರೈವ್ ಪೂರ್ತಿ ಖಾಲಿ ಮಾಡಿ, ಎ ಫೋಲ್ಡರಿನಿಂದ ಹಿಡಿದು ಒಂದೊಂದಾಗಿ ತುಂಬಿಸು.

ಮೊದಲು ವಿ, ಕೆ, ಎನ್ ಮುಗಿಸು. ಎಕ್ಸ್‌ಗೆ ಸದ್ಯ ‘ಝನಾಡು’ ಎಂಬ ಎರಡು ಉಂಟು, 1977ರ ರಶ್ ತಂಡದ್ದು, 1980ರ ಒಲಿವಿಯಾ ನ್ಯೂಟನ್-ಜಾನ್ ಅವರದ್ದು. ಮೂರನೆಯದು ಸಿಕ್ಕಿದರೆ ನನಗೂ ಬರೆ.

ಇತಿ,
ನಿನ್ನ ಗೆಳೆಯ